ಲವಂಗ ಹೇಳಿದ್ದು ಯಾರಿಗೆ

ಬಡಗಿ ಆ ಡಬ್ಬಿಯನ್ನು ಕೌಂಟರಿನ ಮೇಲೆ ಇಟ್ಟಾಗ ಅದು ನಮ್ಮದೇ ಎಂದುಕೊಂಡೆ. ಅದೇ ಹಳದಿ ಬಣ್ಣ, ಅದೇ ಕಪ್ಪು ಬೆಕ್ಕು, ಆ ಬೆಕ್ಕಿಗೆ ಅದೇ ಒಂದೇ ಕಿವಿ.

“ಮುಚ್ಚಳ ತೆಗೆದು ನೋಡಿ ಅಕ್ಕಾ,” ಎಂದ.

ತೆಗೆದೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಹಾಗಾಯಿತು.

“ಲವಂಗ!”

“ಅದನ್ನೇ ನಾನು ಹೇಳ್ತಿರೋದು. ಒಬ್ಬರ ಊಟದ ಮೇಜಿಗೆ ಇದನ್ನ ಹಚ್ಚಿ ತಿಕ್ಕಿ ಕೊಟ್ಟೆ. ಮಿಂಚೋದೇನೋ ಮಿಂಚ್ತಿತ್ತು. ಆದ್ರೆ ಊಟಕ್ಕೆ ಕೂತೋರಿಗೆಲ್ಲ ಹಲ್ಲುನೋವೇ ಜ್ಞಾಪಕ ಬರುತ್ತಂತೆ. ಮೇಜನ್ನ ತಂದು ನನ್ನ ಬಾಗಿಲಲ್ಲೇ ಇಳಿಸಿ ಹೋಗಿದ್ದಾರೆ. ಯಜಮಾನರಿಗೆ ಏನಾಯ್ತು ಅಂತ ಕೇಳೋಣ ಅಂತ ಬಂದೆ.”

ಯಜಮಾನರೆಂದರೆ ನನ್ನ ಮಾವ. ಅವರಿಗೆ ಏನೂ ಆಗಿಲ್ಲ, ಒಳಗೆ ಗಟ್ಟಿಯಾಗಿ ಕೂತು ಚಹಾ ಕುಡಿಯುತ್ತಿದ್ದಾರೆ ಎಂದೆ. ಡಬ್ಬಿಯನ್ನು ತಲೆಕೆಳಗು ಮಾಡಿ ನೋಡಿದೆ. ತಯಾರಿಸಿದವರ ಹೆಸರು ತಳದಲ್ಲಿರುತ್ತದೆ, ಯಾರೂ ಓದಬಾರದು ಎನ್ನುವಷ್ಟು ಸಣ್ಣ ಅಕ್ಷರದಲ್ಲಿ. ಅಲ್ಲಿದ್ದದ್ದು ನಮ್ಮ ಹೆಸರಲ್ಲ. ನಮಗೆ ಡಬ್ಬಿ ಮಾಡಿಕೊಡುತ್ತಾನಲ್ಲ, ಆ ಡಬ್ಬಿಯವನ ಹೆಸರು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ವಿಷಯ ಕೇಳಿದ್ದೆ. ಬೆಕ್ಕನ್ನೇ ಕುಡಿದವನನ್ನು ಅಂದೇ ನೋಡಿದ್ದು.

ನಾವು ಮರಕ್ಕೆ ಹಚ್ಚುವ ಪಾಲಿಶ್ ಮಾಡುವವರು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಜೇನುಮೇಣ ಕರಗಿಸಬೇಕು, ಬಟ್ಟೆಯಲ್ಲಿ ಸೋಸಬೇಕು, ಒಲೆ ಆರಿಸಿದ ಮೇಲೆ ಟರ್ಪೆಂಟೈನ್ ಬೆರೆಸಬೇಕು. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು, ಬಹಳ ಜನ ಮಾಡುತ್ತಾರೆ. ನಮ್ಮದು ಬೇರೆಯಾಗುವುದು ಅದರ ನಂತರ. ಬೆರೆಸಿದ ಪಾತ್ರೆಯನ್ನು ನಾನು ಹಿಂದಿನ ಕೋಣೆಗೆ ಒಯ್ದಿಟ್ಟು ಹೊರಗೆ ಬರುತ್ತೇನೆ. ಮಾವ ಒಳಗಿನಿಂದ ಚಿಲಕ ಹಾಕಿಕೊಂಡು ಅದೇನನ್ನೋ ಸೇರಿಸಿ, ಕಲಕಿ, ಚಿಲಕ ತೆಗೆಯುತ್ತಾರೆ. ಮನೆಯಲ್ಲಿ ಅದಕ್ಕೆ ‘ಕೊನೇ ಕೈ’ ಎನ್ನುತ್ತೇವೆ. ಆ ಕೈ ಬಿದ್ದ ಪಾಲಿಶ್ ಹಚ್ಚಿದ ಮೇಜಿನ ಮೇಲೆ ಬಿಸಿ ಲೋಟ ಇಟ್ಟು ಮರೆತರೂ ಬಿಳಿ ಉಂಗುರ ಮೂಡುವುದಿಲ್ಲ. ಊರಿನ ಬಡಗಿಗಳೆಲ್ಲ ನಮ್ಮಲ್ಲಿಗೆ ಬರುವುದು ಆ ಮೂಡದ ಉಂಗುರಕ್ಕಾಗಿ.

ಬೆಕ್ಕಿನ ಕಿವಿಯ ಕಥೆ ಚಿಕ್ಕದು. ಮಾವನ ತಂದೆ ಮಾಡಿಸಿದ ಮೊದಲ ಅಚ್ಚು ಅವರ ಕೈಯಿಂದಲೇ ಬಿದ್ದು ಬೆಕ್ಕಿನ ಕಿವಿ ಮುರಿಯಿತು. ಜಿಪುಣರು, ಹೊಸದು ಮಾಡಿಸಲಿಲ್ಲ. ಡಬ್ಬಿಯ ಮೇಲೆ ಅವರು ಅಚ್ಚು ಹಾಕಿಸಿದ ದೊಡ್ಡ ಹೆಸರು ಜನರ ಬಾಯಿಗೆ ಹತ್ತಲೇ ಇಲ್ಲ, ಎಲ್ಲರೂ “ಒಂಟಿಕಿವಿ ಕೊಡಿ” ಎಂದರು. ಕೊನೆಗೆ ಒಂಟಿಕಿವಿಯೇ ನಮ್ಮ ಮನೆತನವಾಯಿತು.

ಇನ್ನು ನನ್ನ ಕಥೆ. ಮುಚ್ಚಿದ್ದು ಏನೇ ಕಂಡರೂ ಒಳಗೇನಿದೆ ಎಂದು ನೋಡದಿದ್ದರೆ ನನಗೆ ತಿಂದ ಅನ್ನ ಕರಗುವುದಿಲ್ಲ. ನನ್ನ ಗಂಡ ನನ್ನನ್ನು ಕರೆಯುವುದೇ ‘ಮೂಗು’ ಎಂದು. ಸೊಸೆಯಾಗಿ ಈ ಮನೆಗೆ ಬಂದ ಹೊಸತರಲ್ಲೇ ಮಾವನನ್ನು ಕೇಳಿಬಿಟ್ಟಿದ್ದೆ: ಕೊನೇ ಕೈಯಲ್ಲಿ ಏನು ಹಾಕುತ್ತೀರಿ? ಅತ್ತೆ ಕೈಯಲ್ಲಿದ್ದ ಸೌಟು ಬಿಡುವುದೊಂದು ಬಾಕಿ. ಮಾವ ಮಾತ್ರ ಕೋಪಿಸಿಕೊಳ್ಳಲಿಲ್ಲ. ಆಚೆ ಈಚೆ ನೋಡಿ, ಬಾಗಿಲು ಮುಂದೆ ಮಾಡಿ, ಬಗ್ಗಿ ಹೇಳಿದರು: “ಲವಂಗದ ಎಣ್ಣೆ. ನಿನಗೆ ಮಾತ್ರ ಹೇಳ್ತಿದ್ದೀನಿ.”

ಆ ‘ನಿನಗೆ ಮಾತ್ರ’ ಎಂಬ ಮಾತು ನನಗೆ ಚಿನ್ನದ ಬಳೆಗಿಂತ ಹೆಚ್ಚಾಗಿತ್ತು. ನನ್ನ ತಾಯಿಗೂ ಹೇಳಲಿಲ್ಲ. ಡಬ್ಬಿಗೆ ಪಾಲಿಶ್ ಸುರಿಯುವಾಗಲೆಲ್ಲ ಆವಿಗೆ ಮೂಗೊಡ್ಡಿ, ಅಲ್ಲಿದೆ, ಸಣ್ಣಗೆ, ಲವಂಗ, ಎಂದು ಒಳಗೊಳಗೇ ಬೀಗುತ್ತಿದ್ದೆ.

ಹಾಗಾಗಿ ಬಡಗಿ ತಂದ ಡಬ್ಬಿಯನ್ನು ಹಿಡಿದು ನಾನು ಒಳಗೆ ಓಡಿದೆ.

“ಮಾವ, ಗುಟ್ಟು ಹೋಯ್ತು! ನೋಡಿ, ನಮ್ಮ ಲವಂಗ!”

ಮಾವ ಡಬ್ಬಿ ಇಸಿದುಕೊಂಡು ಮೂಸಿದರು. ಬೆರಳಲ್ಲಿ ತೆಗೆದು ಉಗುರಿನ ಮೇಲೆ ತಿಕ್ಕಿದರು. ಆಮೇಲೆ ನನ್ನ ಮುಖವನ್ನೇ ನೋಡಿದರು. ಅಷ್ಟು ಹೊತ್ತು ಅವರು ನನ್ನನ್ನು ಯಾವತ್ತೂ ನೋಡಿರಲಿಲ್ಲ.

“ನಮ್ಮದ್ರಲ್ಲಿ ಲವಂಗ ಇಲ್ಲ,” ಎಂದರು.

“ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ. ಯಾವತ್ತೂ ಇರ್ಲಿಲ್ಲ.”

ಆಗ ಹೊರಬಿತ್ತು ಅವರ ಪದ್ಧತಿ. ಹೇಳುವುದಿಲ್ಲ ಎಂದರೆ ಕೇಳಿದವನ ತಲೆಯಲ್ಲಿ ಹುಳ ಬಿಟ್ಟ ಹಾಗೆ, ಅವನು ಕಿಟಕಿಯಲ್ಲಿ ಇಣುಕುತ್ತಾನೆ, ಕಸದ ಬುಟ್ಟಿ ಕೆದಕುತ್ತಾನೆ. ಏನಾದರೂ ಒಂದು ಹೇಳಿಬಿಟ್ಟರೆ ತೃಪ್ತಿಯಾಗಿ ಮನೆಗೆ ಹೋಗುತ್ತಾನೆ. ಆದ್ದರಿಂದ ಮಾವ ಕೇಳಿದವರಿಗೆಲ್ಲ ಒಂದೊಂದು ಸುಳ್ಳು ಹೇಳುತ್ತಿದ್ದರು. ಒಬ್ಬರಿಗೆ ಹೇಳಿದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲ. ಬಡಗಿಗೆ ಅಕ್ರೋಟಿನ ಸಿಪ್ಪೆ. ಡಬ್ಬಿಯವನಿಗೆ ಮೀನೆಣ್ಣೆ. ಸ್ವಂತ ಮಗನಿಗೆ, ಅಂದರೆ ನನ್ನ ಗಂಡನಿಗೆ, ಮೊಟ್ಟೆಯ ಬಿಳಿ. ಯಾರಿಗೆ ಯಾವುದು ಎಂಬುದೆಲ್ಲ ಅವರ ತಲೆಯಲ್ಲಿತ್ತು. ಮುಂದೊಂದು ದಿನ ಯಾವನಾದರೂ ನಮ್ಮ ಪಾಲಿಶನ್ನು ನಕಲು ಮಾಡಿದರೆ, ಅದರಲ್ಲಿ ಸಿಕ್ಕ ಸುಳ್ಳೇ ಅದು ಯಾರ ಬಾಯಿಂದ ಹೋಯಿತು ಎಂದು ತೋರಿಸಿಕೊಡುತ್ತದೆ.

ನನಗೆ ಅರೆಕ್ಷಣ ಮೆಚ್ಚುಗೆಯೇ ಆಯಿತು. ಎಂಥ ತಲೆ! ಮರುಕ್ಷಣ ಕೇಳಿದೆ: “ಹಾಗಾದ್ರೆ ಲವಂಗ ಯಾರಿಗೆ ಹೇಳಿದ್ರಿ?”

“ಒಬ್ಬರಿಗೇ,” ಎಂದರು ಮಾವ. “ನಿನಗೆ.”

ಒಂದೇ ಮಾತಿನಲ್ಲಿ ಎರಡು ಪೆಟ್ಟು ಬಿದ್ದವು. ಇಷ್ಟು ವರ್ಷ ಮೇಣ ಕರಗಿಸಿ ಕೈ ಸುಟ್ಟುಕೊಂಡ ನನಗೂ ಸುಳ್ಳೇ ಹೇಳಿದ್ದರು. ಈಗ ಆ ಸುಳ್ಳನ್ನು ಮಾರಿದವಳೂ ನಾನೇ ಆಗಿದ್ದೆ. ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಅದಕ್ಕಿಂತ ನಾಚಿಕೆಯಾಗಿದ್ದು ನನ್ನ ಮೂಗಿನ ವಿಷಯಕ್ಕೆ. ಇಲ್ಲದ ಲವಂಗವನ್ನು ಎಷ್ಟು ಭಕ್ತಿಯಿಂದ ಮೂಸಿತ್ತು ಅದು!

“ನಾನು ಯಾರಿಗೂ ಹೇಳಿಲ್ಲ ಮಾವ.”

“ನಿಮ್ಮಣ್ಣನ ಬಣ್ಣದಂಗಡಿಗೆ ಡಬ್ಬಿಯವನೇ ಡಬ್ಬಿ ಕೊಡೋದು,” ಎಂದಷ್ಟೇ ಹೇಳಿದರು.

ತವರಿನ ಹೆಸರು ಬಂದ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಏನೇನೋ ಅಂದೆ. ಅತ್ತೆ ನಡುವೆ ಬಂದು, “ಬೇಲಿಯೇ ಎದ್ದು ಹೊಲ ಮೇಯ್ತು ಅಂತ ನೀವು ಅನ್ನೋದು, ಹೊಲದಲ್ಲಿ ಬೆಳೇನೇ ಇರ್ಲಿಲ್ಲ ಅಂತ ಇವಳು ಅನ್ನೋದು. ಮೊದಲು ಚಹಾ ಕುಡೀರಿ,” ಎಂದರು. ಅತ್ತೆಗೆ ಯಾವ ಸುಳ್ಳು ಹೇಳಿದ್ದರೆಂದು ಕೇಳಿದೆ. ಅವರು ಕೇಳಿಯೇ ಇರಲಿಲ್ಲವಂತೆ. “ಈ ಮನುಷ್ಯನ ಕೈಲಿ ಕೇಳಿ ಉತ್ತರ ಪಡೆದೋರು ಉದ್ಧಾರ ಆಗಿದ್ದನ್ನ ನಾನು ನೋಡಿಲ್ಲ,” ಎಂದರು.

ಮರುದಿನದಿಂದ ಮೇಣ ಕರಗಿಸಲು ಮಾವನೇ ನಿಂತರು. ಒಲೆಯ ಮನೆಗೂ ಬೀಗ ಬಿತ್ತು. ನನಗೆ ಕೌಂಟರು ಮಾತ್ರ. ಬೈದಿದ್ದರೆ ಸಹಿಸಬಹುದಿತ್ತು, ಆದರೆ ಅವರು ತುಂಬ ಮರ್ಯಾದೆಯಿಂದ, “ನೀನು ಹೊರಗೆ ಕೂತ್ಕೊಳಮ್ಮಾ,” ಎನ್ನುತ್ತಿದ್ದರು. ಹೊರಗಿನವರಿಗೆ ಹೇಳುವ ದನಿ ಅದು. ಕರಗುವ ಮೇಣದ ವಾಸನೆ ಬಾಗಿಲ ಸಂದಿಯಿಂದ ಬರುವಾಗ, ಆ ಕೆಲಸ ನನಗೆ ಎಷ್ಟು ಇಷ್ಟವಾಗಿತ್ತು ಎಂದು ಮೊದಲ ಸಲ ಗೊತ್ತಾಯಿತು. ಅತ್ತುಬಿಟ್ಟೆ. ಗಿರಾಕಿ ಬಂದರೆ ಟರ್ಪೆಂಟೈನ್ ಕಣ್ಣಿಗೆ ಹೋಯಿತು ಎನ್ನುತ್ತಿದ್ದೆ.

ಗಂಡನಿಗೆ ಹೇಳಿದರೆ, “ನನಗೇ ಮೊಟ್ಟೆ ಹೇಳಿದ್ದಾರೆ, ನಿನಗೆ ಲವಂಗ ಸಿಕ್ಕಿದ್ದೇ ದೊಡ್ಡದು,” ಎಂದು ನಕ್ಕ. ಅಂಗಡಿಯಿಂದ ಅಂಗಡಿಗೆ ಡಬ್ಬಿ ತಲುಪಿಸುವವನು ಅವನು. ಸಿಟ್ಟಾದರೆ ಗಾಡಿ ಹತ್ತಿ ಹೋಗಿಬಿಡಬಹುದು. ನಾನೆಲ್ಲಿ ಹೋಗಲಿ?

ಅತ್ತರೂ ತಲೆ ಮಾತ್ರ ಸುಮ್ಮನಿರಲಿಲ್ಲ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಸರಿ. ನಾನು ಹೇಳಿಲ್ಲ, ಅದೂ ಸರಿ. ಹಾಗಾದರೆ ಡಬ್ಬಿಯವನ ಕೈಗೆ ಲವಂಗ ಹೇಗೆ ಬಂತು? ನಿದ್ದೆಯಲ್ಲಿ ಮಾತಾಡುತ್ತೇನೆಯೇ ಎಂದು ಗಂಡನನ್ನು ಕೇಳಿದೆ. ಗೊರಕೆ ಮಾತ್ರ ಎಂದ. ಅಣ್ಣನ ಅಂಗಡಿಗೇ ಹೋಗಿ ವಿಚಾರಿಸಿದೆ. ಅವನಿಗೆ ಪಾಲಿಶಿನಲ್ಲಿ ಮೇಣವಿದೆ ಎಂಬುದೇ ಹೊಸ ಸುದ್ದಿ. ಬಡಗಿ ಮತ್ತೆ ಬಂದಾಗ, ಮಾವ ನಿಮಗೆ ಏನು ಹೇಳಿದ್ದರು ಎಂದು ಕೆದಕಿದೆ.

“ಅಕ್ರೋಟಿನ ಸಿಪ್ಪೆ,” ಎಂದ ಬಡಗಿ. ಆಮೇಲೆ ತಲೆ ಕೆರೆದುಕೊಂಡು, “ಅದು ಹಳೇದು. ಈಚೆಗೆ ಬೇರೆ ಏನೋ ಅಂದ್ರಪ್ಪ. ನಾನು ಸರಿಯಾಗಿ ಕಿವಿಗೆ ಹಾಕ್ಕೊಳ್ಲಿಲ್ಲ,” ಎಂದ.

ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಗಮನವೆಲ್ಲ ಡಬ್ಬಿಯವನ ಮೇಲಿತ್ತು. ಅವನು ದಾರಿಯಲ್ಲಿ ಸಿಕ್ಕರೆ ಅಂಗಿಯ ಕಾಲರ್ ಹಿಡಿದು ಕೇಳಬೇಕೆಂದು ಹಲ್ಲು ಕಡಿಯುತ್ತಿದ್ದೆ. ಸಿಕ್ಕ ದಿನ ಅವನೇ, “ಏನಕ್ಕಾ, ಸೌಖ್ಯನಾ?” ಎಂದು ನಕ್ಕ. ನನ್ನ ಬಾಯಿಂದ ಬಂದದ್ದು, “ಹ್ಞೂಂ.”

ಡಬ್ಬಿಯವನ ಬೆಕ್ಕು ಅಂಗಡಿಗಳಲ್ಲಿ ನಮ್ಮ ಬೆಕ್ಕಿನ ಪಕ್ಕಕ್ಕೇ ಕೂತಿತು, ಬೆಲೆಯಲ್ಲಿ ಸ್ವಲ್ಪ ಕಡಿಮೆ. ಜನ ಅದನ್ನು ಒಯ್ದು, ವಾಸನೆ ತಾಳಲಾರದೆ, ನಮ್ಮನ್ನು ಬೈಯತೊಡಗಿದರು. ಹೀಗೇ ಬಿಟ್ಟರೆ ಒಂಟಿಕಿವಿಯ ಹೆಸರು ಮಣ್ಣುಪಾಲು. ಕೊನೆಗೆ ವಕೀಲೆಯ ಹತ್ತಿರ ಹೋಗುವುದೆಂದಾಯಿತು. ಗಂಡ ಗಾಡಿಯೊಂದಿಗೆ ಹೊರಗಿದ್ದ. ಮಾವ ಒಬ್ಬರೇ ಹೋಗುತ್ತೇನೆಂದರು. ಅತ್ತೆ ಬಿಡಲಿಲ್ಲ. “ಸೊಸೆ ಬರ್ಲಿ. ಕಳ್ಳಿಯೇ ಆದ್ರೂ ಅವಳ ಕಣ್ಣು ಚುರುಕಾಗಿದೆ,” ಎಂದು ನನ್ನ ಕಡೆ ಒಂದು ಕಣ್ಣು ಮಿಟುಕಿಸಿದರು. ಹೊರಡುವಾಗ ತಮ್ಮ ಗುಂಡಿಗಳ ಡಬ್ಬಿಯನ್ನು ಸೆರಗಿಗೆ ಸುರಿದು ಖಾಲಿ ಮಾಡಿ ನನ್ನ ಕೈಗಿಟ್ಟರು. ಅದು ನಮ್ಮದೇ ಪಾಲಿಶ್ ಡಬ್ಬಿ, ಅವರು ಮದುವೆಯಾಗಿ ಬಂದ ಕಾಲದ್ದು. “ಏನಕ್ಕಾದ್ರೂ ಬರುತ್ತೆ ಇರ್ಲಿ.”

ವಕೀಲೆಯ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗೆ ಪಂಪು ಹೊಡೆಯುವ ಸದ್ದು ಕಿಟಕಿಯಿಂದ ಬರುತ್ತಿತ್ತು. ವಕೀಲೆ ನನಗಿಂತ ಸ್ವಲ್ಪ ದೊಡ್ಡವರು. ಮೇಜು ಹಳೆಯದು, ಮೇಲೆ ಲೋಟದ ಬಿಳಿ ಉಂಗುರಗಳು ಒಂದರ ಮೇಲೊಂದು. ಮಾವ ಕೂರುವ ಮೊದಲೇ ಅವುಗಳನ್ನು ನೋಡಿ ‘ಛೆ’ ಎಂದರು.

ವಕೀಲೆ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡರು: ನಮ್ಮದು, ಡಬ್ಬಿಯವನದು, ಅತ್ತೆಯ ಗುಂಡಿಗಳದು. ಅತ್ತೆಯ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಬಣ್ಣ ಮಾಸಿತ್ತು, ಬೆಕ್ಕು ಮಾತ್ರ ಇತ್ತು, ಕಿವಿ ಒಂದೇ.

“ಇದನ್ನ ಮಾಡಿದ್ದು ಈ ಡಬ್ಬಿಯವನೇನಾ?”

“ಅಲ್ಲ, ಅವನಿಗೂ ಹಿಂದಿನವನು,” ಎಂದರು ಮಾವ. “ಇವನು ಆಗಿನ್ನೂ ಹುಟ್ಟಿದ್ನೋ ಇಲ್ವೋ.”

“ಚೆನ್ನಾಗಾಯ್ತು. ಹೊಸದಾಗಿ ಬೆಕ್ಕು ಬರೆಯೋನು ಯಾರೂ ಕಿವಿ ಮುರಿದು ಬರೆಯಲ್ಲ. ಈ ಮುರಿದ ಕಿವಿ ಇದೆಯಲ್ಲ, ಇದೇ ನಿಮ್ಮ ಸಾಕ್ಷಿ. ಈ ಗುರುತನ್ನ ನೋಂದಣಿ ಮಾಡಿಸಿದ್ದೀರಾ?”

“ಊರಿಗೆಲ್ಲ ಗೊತ್ತಿದೆ, ನೋಂದಣಿ ಯಾಕೆ?”

ವಕೀಲೆ ನಿಟ್ಟುಸಿರು ಬಿಟ್ಟರು. “ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕೋಕೆ ಬಂದಿದ್ದೀರಿ. ಇರ್ಲಿ, ಈಗ್ಲಾದ್ರೂ ಬಂದ್ರಿ. ಮೊದಲು ಬಳಸಿದೋರು ನೀವು ಅಂತ ತೋರಿಸಬಹುದು. ಹಳೇ ಡಬ್ಬಿ, ಹಳೇ ಗಿರಾಕಿಗಳು, ಏನು ಸಿಗುತ್ತೋ ಎಲ್ಲ ಕೂಡಿಸಿ. ಬೆಕ್ಕಿನ ವಿಷಯ ನನಗೆ ಬಿಡಿ. ಇನ್ನು ಒಳಗಿನ ಸರಕು. ಅದರಲ್ಲಿ ಗುಟ್ಟೇನಾದ್ರೂ ಇದೆಯಾ?”

ಮಾವ ಹೆಮ್ಮೆಯಿಂದ ತಮ್ಮ ಪದ್ಧತಿಯನ್ನು ವಿವರಿಸಿದರು. ಅಕ್ರೋಟು, ಮೀನೆಣ್ಣೆ, ಮೊಟ್ಟೆ. ವಕೀಲೆಯ ಪೆನ್ನು ಬರೆಯುವುದನ್ನು ನಿಲ್ಲಿಸಿತು. ನನ್ನ ಲವಂಗದ ಸರದಿ ಬಂದಾಗ ಮಾವ ನನ್ನ ಕಡೆ ನೋಡದೆ, ‘ಮನೆಯವರೊಬ್ಬರಿಗೆ’ ಎಂದರು. ಮರ್ಯಾದಸ್ಥರು.

“ನೋಡಿ ಯಜಮಾನ್ರೇ,” ಎಂದರು ವಕೀಲೆ. “ಗುರುತು ಬೇರೆ, ಗುಟ್ಟು ಬೇರೆ. ಗುರುತನ್ನ ಊರಿಗೆಲ್ಲ ತೋರಿಸಿ, ನಂದು ಅಂತ ಕೂಗಿ ಕೂಗಿ ಉಳಿಸ್ಕೋಬೇಕು. ಗುಟ್ಟನ್ನ ಬಾಯಿಮುಚ್ಚಿ ಉಳಿಸ್ಕೋಬೇಕು. ಯಾರಿಗೆ ಗೊತ್ತಿರ್ಬೇಕೋ ಅವರಿಗೆ ಮಾತ್ರ ಗೊತ್ತಿರ್ಬೇಕು, ಅವರೂ ಹೊರಗೆ ಹೇಳಲ್ಲ ಅಂತ ಬರೆದು ಸಹಿ ಹಾಕ್ಬೇಕು. ನೀವು ಗುರುತಿಗೆ ಬಾಯಿ ಮುಚ್ಚಿದ್ರಿ, ಗುಟ್ಟಿಗೆ ಬಾಯಿ ಬಿಟ್ರಿ.”

“ನಾನು ಬಿಟ್ಟಿದ್ದೆಲ್ಲ ಸುಳ್ಳು!”

“ಅದೇ ಪುಣ್ಯ. ನಿಮ್ಮ ನಿಜವಾದ ಗುಟ್ಟು ಇನ್ನೂ ಮನೇಲೇ ಇದೆ. ಅದು ಏನು ಅಂತ ನನಗೆ ಹೇಳ್ಬೇಡಿ, ನನಗೆ ಬೇಡ. ನಿಮ್ಮನ್ನ ಬಿಟ್ಟು ಇನ್ಯಾರಿಗೆ ಗೊತ್ತು, ಅಷ್ಟು ಹೇಳಿ.”

ಮಾವ ಆಚೆ ಈಚೆ ನೋಡಿದರು. ಎದ್ದು ಬಾಗಿಲು ಮುಂದೆ ಮಾಡಿ ಬಂದರು. ಉಂಗುರಗಳಿದ್ದ ಮೇಜಿನ ಮೇಲೆ ಮೊಣಕೈ ಊರಿ ಬಗ್ಗಿದರು.

“ಲವಂಗದ ಎಣ್ಣೆ,” ಎಂದರು. “ನಿಮಗೆ ಮಾತ್ರ ಹೇಳ್ತಿದ್ದೀನಿ.”

ಕೆಳಗೆ ಪಂಪು ಹೊಡೆಯುವ ಸದ್ದು ನಿಂತಿತ್ತು. ಮಾವನ ಮುಖದಲ್ಲಿ ತುಂಟತನವಿರಲಿಲ್ಲ, ನಟನೆಯಿರಲಿಲ್ಲ. ಈಗಷ್ಟೇ ನನ್ನ ಸುಳ್ಳನ್ನು ಬಣ್ಣಿಸಿದ ಬಾಯಿ ಅದನ್ನೇ ಇನ್ನೊಬ್ಬರ ಕಿವಿಗೆ ಹೊಸದಾಗಿ ಹಾಕಿತ್ತು. ಬಡಗಿ ‘ಈಚೆಗೆ ಬೇರೆ ಏನೋ ಅಂದ್ರಪ್ಪ’ ಎಂದದ್ದು ಆಗ ನನಗೆ ಹೊಳೆಯಿತು. ಒಬ್ಬೊಬ್ಬರಿಗೆ ಒಂದೊಂದಾಗಿದ್ದ ಸುಳ್ಳುಗಳೆಲ್ಲ ಈ ತಲೆಯೊಳಗೆ ಸವೆದು ಸವೆದು ಒಂದೇ ಉಳಿದಿತ್ತು. ಈಗ ಕೇಳಿದವರಿಗೆಲ್ಲ ಅದೇ. ಡಬ್ಬಿಯವನಿಗೂ ಅದೇ.

ನಾನು ಗೆದ್ದಿದ್ದೆ. ನೋಡಿದಿರಾ, ಕಳ್ಳಿ ನಾನಲ್ಲ, ಎಂದು ಅಲ್ಲೇ ಕೂಗಬಹುದಿತ್ತು. ಬಾಯಿ ತೆರೆದೂ ಬಿಟ್ಟಿದ್ದೆ. ಆದರೆ ಮಾವ ಅಷ್ಟೊಂದು ನಂಬಿಕೆಯಿಂದ ಬಗ್ಗಿ ಕೂತಿದ್ದರು, ತೆರೆದ ಬಾಯಿ ಮುಚ್ಚಿಕೊಂಡೆ. ವಕೀಲೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಅವರು ಡಬ್ಬಿಯವನ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, “ಬೆಕ್ಕಿನ ಅರ್ಜಿ ನಾಳೆಯೇ ಹಾಕ್ತೀನಿ. ಗುಟ್ಟಿನ ವಿಷಯ ನೀವು ಮನೇಲಿ ಕೂತು ಮಾತಾಡ್ಕೊಂಡು ಬನ್ನಿ,” ಎಂದರು.

ಮೆಟ್ಟಿಲಿಳಿಯುವಾಗ ಅರ್ಧದಲ್ಲಿ ಮಾವ ನಿಂತರು.

“ನಾನು ಒಳಗೆ ಅವರಿಗೆ ಏನಂದೆ?”

ಸುಳ್ಳು ಹೇಳಬಹುದಿತ್ತು. ಅವರ ಮನೆಯ ಸೊಸೆ, ಅಷ್ಟು ಕಲಿತಿದ್ದೆ.

“ಲವಂಗ,” ಎಂದೆ.

ಅವರು ಗೋಡೆಗೆ ಕೈ ಕೊಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ಕೆಳಗಿನ ಮೆಟ್ಟಿಲಲ್ಲಿ ಕೂತೆ. ಸೈಕಲ್ ಅಂಗಡಿಯವನು ಒಮ್ಮೆ ತಲೆಯೆತ್ತಿ ನೋಡಿ ತನ್ನ ಕೆಲಸಕ್ಕೆ ಹೋದ.

“ಡಬ್ಬಿಯವನಿಗೆ ಮೀನೆಣ್ಣೆ ಅಂತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ,” ಎಂದರು. ಹಣೆ ತಿಕ್ಕಿಕೊಂಡು, “ಆಮೇಲೆ ಅವನು ಮತ್ತೆ ಕೇಳಿದ್ನಾ? ಕೇಳಿರ್ತಾನೆ. ಚಹಾ ಕುಡಿಯೋಕೆ ಬಂದಾಗಲೆಲ್ಲ ಕೇಳೋನು. ಅಯ್ಯೋ ನನ್ನ ತಲೆಯೇ. ನಿನ್ನ ತವರಿನ ತನಕ ಹೋದ್ನಲ್ಲಮ್ಮಾ ನಾನು.”

ಅವರ ಕಣ್ಣು ತುಂಬಿತ್ತು. ನನಗೆ ಅವರ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ದೊಡ್ಡ ಹೆದರಿಕೆ ಬಂದು ಕೂತಿತು. ಕೇಳಲೇಬೇಕಿತ್ತು.

“ಮಾವ, ಸುಳ್ಳು ಹೋಗ್ಲಿ. ನಿಜವಾದ್ದು ನೆನಪಿದೆಯಾ?”

ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. “ಪಾತ್ರೆ ಮುಂದೆ ನಿಂತ್ರೆ ಕೈ ತಾನಾಗಿ ಹೋಗುತ್ತೆ,” ಎಂದರು. “ಇಲ್ಲಿ ಕೂತ್ಕೊಂಡು ಹೇಳು ಅಂದ್ರೆ... ನಡಿ, ಮನೆಗೆ ಹೋಗೋಣ. ಬೇಗ ಹೋಗೋಣ.”

ಅಷ್ಟು ವೇಗವಾಗಿ ಮಾವ ನಡೆದದ್ದನ್ನು ನಾನು ಕಂಡಿರಲಿಲ್ಲ. ಮನೆಗೆ ಬಂದವರೇ ಒಲೆಯ ಮನೆಯ ಬೀಗ ತೆಗೆದರು. ನಾನು ಮೇಣ ಕರಗಿಸಿದೆ, ಸೋಸಿದೆ, ಒಲೆ ಆರಿಸಿದೆ, ಟರ್ಪೆಂಟೈನ್ ಬೆರೆಸಿದೆ. ಎಂದಿನಂತೆ ಪಾತ್ರೆಯನ್ನು ಹಿಂದಿನ ಕೋಣೆಗೆ ಒಯ್ದಿಟ್ಟು ಹೊರಗೆ ಬರಲು ತಿರುಗಿದೆ.

“ನೀನು ಎಲ್ಲಿ ಹೋಗ್ತೀಯ? ನಿಂತ್ಕೋ,” ಎಂದು ಮಾವ ನನ್ನನ್ನು ಒಳಗೇ ಇಟ್ಟುಕೊಂಡು ಚಿಲಕ ಹಾಕಿದರು.

ಕೋಣೆಯನ್ನು ನಾನು ಮೊದಲ ಸಲ ಮನಸಾರೆ ನೋಡಿದ್ದು ಆಗ. ಬೇಕೆಂದೇ ಗೋಡೆಯ ತುಂಬ ಶೀಸೆಗಳನ್ನು ಜೋಡಿಸಿದ್ದರು. ಲವಂಗದ ಎಣ್ಣೆಯೂ ಇತ್ತು, ಮೀನೆಣ್ಣೆಯೂ ಇತ್ತು. ಇಣುಕಿದವರ ದಾರಿ ತಪ್ಪಿಸಲು. ಮಾವ ಪಾತ್ರೆಯ ಮುಂದೆ ನಿಂತು ಕಣ್ಣು ಮುಚ್ಚಿದರು. ಕೈ ಮೇಲೆದ್ದಿತು, ಲವಂಗದ ಶೀಸೆಯ ಹತ್ತಿರ ಹೋಯಿತು. ಮಾತಾಡಬಾರದೆಂದು ತುಟಿ ಕಚ್ಚಿ ಹಿಡಿದೆ. ಕೈ ಅಲ್ಲೇ ಸುಳಿದಾಡಿ, ಶೀಸೆಯನ್ನು ಪಕ್ಕಕ್ಕೆ ಸರಿಸಿ, ಅದರ ಹಿಂದಿನದನ್ನು ತೆಗೆದುಕೊಂಡಿತು.

ಅದೇನು ಎಂದು ಗೊತ್ತಾದಾಗ ನನಗೆ ನಗು ತಡೆಯಲಾಗಲಿಲ್ಲ. ದಿನಾ ನೋಡುವ ವಸ್ತು! ಅದನ್ನು ಎಷ್ಟು ಹಾಕಬೇಕು, ಪಾಲಿಶ್ ಎಷ್ಟು ಆರಿದಾಗ ಹಾಕಬೇಕು, ಯಾವ ಕಡೆಗೆ ಕಲಕಬೇಕು, ಎಲ್ಲ ತೋರಿಸಿದರು. ಆಮೇಲೆ ನನ್ನಿಂದ ಮಾಡಿಸಿದರು. ಮತ್ತೊಮ್ಮೆ ಮಾಡಿಸಿದರು. ಆರಿದ ಪಾಲಿಶನ್ನು ಹಲಗೆಗೆ ಹಚ್ಚಿ, ತಿಕ್ಕಿ, ಅತ್ತೆಯ ಕೈಯಿಂದ ಬಿಸಿ ಚಹಾದ ಲೋಟ ತರಿಸಿ ಅದರ ಮೇಲಿಟ್ಟು ಇಬ್ಬರೂ ಕಾದೆವು. ಲೋಟ ಎತ್ತಿದಾಗ ಹಲಗೆಯ ಮೇಲೆ ಏನೂ ಇರಲಿಲ್ಲ.

“ಆಯ್ತು,” ಎಂದು ಮಾವ ಸ್ಟೂಲಿನ ಮೇಲೆ ಕೂತು ಆ ಚಹಾ ಕುಡಿದರು.

ವಕೀಲೆ ಕಾಗದ ತಯಾರಿಸಿಕೊಟ್ಟರು. ಕೊನೇ ಕೈಯನ್ನು ಬಲ್ಲವರು ಅದನ್ನು ಹೊರಗೆ ಹೇಳಕೂಡದು ಎಂದು. ನಾನು ಸಹಿ ಹಾಕಿದೆ. ಮಾವನೂ ಹಠ ಹಿಡಿದು ಹಾಕಿದರು. ಗುಟ್ಟಿನ ಒಡೆಯರೇ ನೀವು, ನಿಮ್ಮ ಸಹಿ ಯಾಕೆ ಎಂದು ವಕೀಲೆ ಕೇಳಿದರೆ, “ನನ್ನನ್ನೇ ಮೊದಲು ಕಟ್ಟಿಹಾಕ್ಬೇಕು,” ಎಂದರು. ಸುಳ್ಳು ಹೇಳುವುದನ್ನು ನಿಲ್ಲಿಸಬೇಕೆಂದು ವಕೀಲೆ ಕಾಗದದಲ್ಲಿ ಬರೆದಿರಲಿಲ್ಲ. ಅದನ್ನು ಅತ್ತೆ ಬಾಯಲ್ಲಿ ಹೇಳಿದರು.

ಬೆಕ್ಕಿನ ಕೆಲಸಕ್ಕೆ ನಾನು ಮನೆ ಮನೆ ಅಲೆದೆ. ಅದು ನನಗೆ ಹಬ್ಬ! ಊರಿನಲ್ಲಿ ನಮ್ಮ ಹಳೆಯ ಡಬ್ಬಿ ಇಲ್ಲದ ಮನೆಯಿಲ್ಲ. ಅದರೊಳಗೆ ಏನೇನಿತ್ತು ಅನ್ನುತ್ತೀರಿ! ಮೊಳೆ, ಸೂಜಿ, ಮಗುವಿನ ಬಿದ್ದ ಹಲ್ಲು, ಒಡೆದ ಗಡಿಯಾರದ ಮುಳ್ಳು. ಎಲ್ಲವನ್ನೂ ಇಣುಕಿ ನೋಡಿದೆ, ಹಕ್ಕಿನಿಂದ. ಹಳೇ ಡಬ್ಬಿಗಳ ರಾಶಿಯೊಂದಿಗೆ ವಕೀಲೆಯ ನೋಟೀಸು ಹೋದ ಮೇಲೆ ಡಬ್ಬಿಯವನು ಮೊದಲು ಅಚ್ಚು ತನ್ನದೆಂದು ಜಗಳ ತೆಗೆದ. ಆಮೇಲೆ, “ಯಜಮಾನರೇ ನನ್ನ ಕಿವೀಲಿ ಲವಂಗ ಅಂದ್ರು, ಮಾಡಿಕೋ ಅಂತ ಅರ್ಥ ಅಂದ್ಕೊಂಡೆ,” ಎಂದು ರಾಗ ಎಳೆದ. ಕೊನೆಗೆ ಬೆಕ್ಕನ್ನು ಕೈಬಿಟ್ಟ. ಈಗ ಅವನ ಡಬ್ಬಿಯ ಮೇಲೆ ಮೊಲವಿದೆ, ಎರಡೂ ಕಿವಿ ಉದ್ದ. ಒಳಗಿನ ಲವಂಗವನ್ನು ಬಿಟ್ಟಿಲ್ಲ. ಇರಲಿ, ಅದನ್ನು ಕಾಪಾಡಿಕೊಳ್ಳುವ ಹಣೆಬರಹ ಅವನದು.

ಈಗ ಮಾವ ಕೌಂಟರಿನಲ್ಲಿ ಕೂರುತ್ತಾರೆ, ನಾನು ಒಳಗೆ. ಗಿರಾಕಿಗಳು ಕೇಳಿದರೆ ಅವರು ಬಾಯಿ ತೆರೆದು, ನನ್ನ ಕಡೆ ನೋಡಿ, ಬಾಯಿ ಮುಚ್ಚುತ್ತಾರೆ. ಕೆಲವು ದಿನ ಗಿರಾಕಿಯ ಮುಖ ಮರೆಯುತ್ತಾರೆ. ಒಂದು ದಿನ ಬಡಗಿಯನ್ನು ಅವನ ತಂದೆ ಎಂದುಕೊಂಡು ಮಾತಾಡಿಸಿದರು. ಬಡಗಿ ಒಳ್ಳೆಯವನು, ತಂದೆಯ ಪರವಾಗಿ ಉತ್ತರ ಹೇಳಿ ಹೋದ.

ನಿನ್ನೆ ನಾನು ಪಾತ್ರೆ ಹೊತ್ತು ಹಿಂದಿನ ಕೋಣೆಗೆ ಹೋಗುತ್ತಿದ್ದಾಗ ಮಾವ ಎದ್ದು ಹಿಂದೆಯೇ ಬಂದರು. ಬಾಗಿಲಲ್ಲಿ ನಿಂತು ಶೀಸೆಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖದಲ್ಲಿದ್ದದ್ದು ಹೊಸ ಮನೆಗೆ ಬಂದವರ ಕುತೂಹಲ, ಬೇರೇನೂ ಇಲ್ಲ. ಆ ಮುಖ ನನಗೆ ಗೊತ್ತು. ಒಂದು ಕಾಲಕ್ಕೆ ಅದು ನನ್ನದೇ ಆಗಿತ್ತು.

“ಮಗಳೇ,” ಎಂದರು ಸಣ್ಣ ದನಿಯಲ್ಲಿ, “ಕೊನೇಲಿ ಅದೇನು ಹಾಕ್ತೀಯ?”

ಕೈಯಳತೆಯಲ್ಲೇ ಲವಂಗದ ಶೀಸೆಯಿತ್ತು. ನಾನು ಪಾತ್ರೆ ಕೆಳಗಿಟ್ಟೆ. ಆಚೆ ಈಚೆ ನೋಡಿದೆ. ಅವರನ್ನು ಒಳಗೆ ಕರೆದು, ಬಾಗಿಲ ಚಿಲಕ ಹಾಕಿ, ಅವರ ಕಿವಿಯ ಹತ್ತಿರ ಬಗ್ಗಿ ನಿಜವನ್ನೇ ಹೇಳಿದೆ.

ಮಾವನ ಕಣ್ಣು ಅರಳಿತು. ಎಂದೂ ಕೇಳದ್ದನ್ನು ಕೇಳಿದವರಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

“ಅದಾ? ಅಷ್ಟೇನಾ? ಭಲೇ!” ಎಂದರು. ಆಮೇಲೆ ನನ್ನ ತೋಳು ಹಿಡಿದು ಗಂಭೀರವಾಗಿ, “ಯ್ಯಾರಿಗೂ ಹೇಳ್ಬೇಡ,” ಎಂದರು.

“ಇಲ್ಲ ಮಾವ,” ಎಂದೆ. “ಸಹಿ ಹಾಕಿದ್ದೀನಿ.”